ಬೋರು ಕೊರೆಸುವ ಮೊದಲು ನೀರು ಅಳೆಯಿರಿ

ಶಿವಮೊಗ್ಗದ ಕೋಟೆಯ ಮಕ್ಕಳೇ, ಭದ್ರಾವತಿಯ ತಮ್ಮಂದಿರೇ, ತಂಗಿಯರೇ,

ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ. ಗಾಜನೂರಿನಲ್ಲೊಂದು ಅಣೆಕಟ್ಟು, ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ. ಇಂಥ ಸೀಮೆಯಲ್ಲಿ ಹುಟ್ಟಿದ ನಮಗೆ ನೀರಿನ ವಿಷಯದಲ್ಲಿ ಬುದ್ಧಿಮಾತು ಯಾಕೆ ಎಂದು ನೀವು ಕೇಳಬಹುದು. ಹೊಳೆ ಪಕ್ಕದಲ್ಲಿದ್ದರೆ ನೆಲದಡಿಯ ನೀರೂ ಅಕ್ಷಯ ಎಂಬ ಭ್ರಮೆ ನಮ್ಮವರಲ್ಲಿ ಬಲವಾಗಿದೆ. ಅದಕ್ಕಾಗಿಯೇ ಹೇಳುತ್ತಿದ್ದೇನೆ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಮುಂದಿನ ಬೇಸಿಗೆಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಜನ ಟ್ಯಾಂಕರ್‌ಗಳ ಹಿಂದೆ ಓಡಾಡಿದ್ದನ್ನು ನೀವೇ ಕಂಡಿದ್ದೀರಿ.

ಮೊದಲು ಕಾಲಡಿಯ ನೆಲವನ್ನು ತಿಳಿದುಕೊಳ್ಳಿ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಗಂಗಾ ಬಯಲಿನಂತೆ ಇಲ್ಲಿ ನೂರಾರು ಅಡಿ ಮರಳು, ಮೆಕ್ಕಲು ಇಲ್ಲ. ಮೇಲಿನ ಶಿಥಿಲ ಪದರದಲ್ಲಿ ಒಂದಷ್ಟು ನೀರು ನಿಲ್ಲುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಇನ್ನಷ್ಟು. ಹಿಂದಿನವರ ತೆರೆದ ಬಾವಿಗಳು ಆ ಮೇಲಿನ ಪದರದ ನೀರನ್ನೇ ಕುಡಿಸಿದವು. ಮಳೆ ಬಂದ ವರ್ಷ ಅದು ತುಂಬುತ್ತದೆ, ಬಾರದ ವರ್ಷ ಇಳಿಯುತ್ತದೆ. ಕೆಳಗಿನ ಬಿರುಕಿನ ನೀರು ಹಾಗಲ್ಲ. ಅದು ಮರಳಿ ತುಂಬಲು ಬಹಳ ಕಾಲ ಬೇಕು. ‘ಇನ್ನೂ ನೂರಡಿ ಇಳಿಸಿದರೆ ಎರಡಿಂಚು ನೀರು ಬೀಳುತ್ತೆ’ ಎಂದು ರಿಗ್‌ನವರು ಹೇಳಿದರೆ ತಲೆಯಾಡಿಸಬೇಡಿ. ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆಯಾಗುತ್ತವೆ, ಖರ್ಚು ಮಾತ್ರ ಏರುತ್ತದೆ. ನಾಲೆಯ ಬಯಲಿನ ಬಾವಿಗಳು ತುಂಬಿರುವುದಕ್ಕೂ ಕಾರಣವಿದೆ: ಭದ್ರಾ ನಾಲೆಯಿಂದ, ಗದ್ದೆಯಿಂದ ಇಂಗಿದ ನೀರು ಅಲ್ಲಿಗೆ ಸೇರುತ್ತದೆ. ನಾಲೆ ನಿಂತರೆ ಆ ಬಾವಿಯೂ ಇಳಿಯುತ್ತದೆ.

ನೆರೆಯ ಚನ್ನಗಿರಿಯನ್ನು ನೋಡಿ. 1997ರವರೆಗೆ ಅದು ನಮ್ಮ ಜಿಲ್ಲೆಯದೇ ತಾಲ್ಲೂಕು. ಅಡಿಕೆಯ ಬೆಲೆ ಏರಿದಂತೆ ಒಣಭೂಮಿಯಲ್ಲೂ ತೋಟ ಎದ್ದಿತು, ತೋಟದ ಹಿಂದೆಯೇ ಬೋರು ಬಂತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಯಿತು. ರೈತನಿಗೆ ಅದು ಆಸರೆ, ನಿಜ. ಆದರೆ ಬಿಲ್ ಬಾರದ ಮೋಟಾರನ್ನು ನಿಲ್ಲಿಸಲು ಯಾರಿಗೂ ಅವಸರವಿರುವುದಿಲ್ಲ. ಇಂಗುವುದಕ್ಕಿಂತ ಹೆಚ್ಚು ಎತ್ತಿದ ತಾಲ್ಲೂಕುಗಳ ಸರ್ಕಾರಿ ಪಟ್ಟಿಗೆ ಚನ್ನಗಿರಿ ಸೇರಿತು. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕ ಸರಳ: ವರ್ಷಕ್ಕೆ ಎತ್ತಬಹುದಾದ ನೀರಿನಲ್ಲಿ ಶೇ 70ರವರೆಗೆ ಬಳಸಿದರೆ ಸುರಕ್ಷಿತ, 90 ದಾಟಿದರೆ ಗಂಭೀರ, 100 ದಾಟಿದರೆ ಅತಿಬಳಕೆ. ಅತಿಬಳಕೆ ಎಂದರೆ ಮುಂದಿನ ಪೀಳಿಗೆಯ ನೀರನ್ನು ಇಂದೇ ಎತ್ತುವುದು.

‘ನನ್ನ ಜಮೀನು, ನನ್ನ ಬೋರು, ಕೇಳೋಕೆ ಇವರ್ಯಾರು?’ ಎಂಬ ಮಾತು ನಿಮ್ಮ ಬಾಯಲ್ಲಿ ಬಾರದಿರಲಿ. 1882ರ ಬ್ರಿಟಿಷರ ಕಾಲದ ಕಾನೂನು ಭೂಮಿಯ ಒಡೆಯನಿಗೆ ತನ್ನ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಕೊಟ್ಟಿತು. ಆಗ ಏತ, ಕಪಿಲೆಗಳ ಕಾಲ. ಸಬ್‌ಮರ್ಸಿಬಲ್ ಪಂಪ್ ಯಾರ ಕನಸಿನಲ್ಲೂ ಇರಲಿಲ್ಲ. ನೆಲದಡಿಯ ನೀರಿಗೆ ಸರ್ವೆ ನಂಬರಿಲ್ಲ, ಬೇಲಿಯಿಲ್ಲ. ಅದು ಕೂಡುಕುಟುಂಬದ ಕಣಜ. ಒಬ್ಬ ಹೆಚ್ಚು ತೋಡಿಕೊಂಡರೆ ಇನ್ನೊಬ್ಬನ ತಟ್ಟೆ ಬರಿದಾಗುತ್ತದೆ. ನೀವು ಆಳಕ್ಕೆ ಕೊರೆಸಿದಾಗ ಪಕ್ಕದ ಬಡವನ ಬಾವಿ ಬತ್ತುತ್ತದೆ, ಅವನಿಗೆ ಮತ್ತೆ ಕೊರೆಸುವ ಶಕ್ತಿಯಿರುವುದಿಲ್ಲ.

ಇದನ್ನು ತಡೆಯಲೆಂದೇ ನಮ್ಮ ರಾಜ್ಯ ಎರಡು ಕಾನೂನು ಮಾಡಿದೆ. 1999ರ ಕಾನೂನಿನ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಕಾಯ್ದೆ ಅಂತರ್ಜಲ ಪ್ರಾಧಿಕಾರವನ್ನೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗಳನ್ನೂ ತಂದಿತು. ಅಧಿಸೂಚಿತ ಪ್ರದೇಶದಲ್ಲಿ ಹೊಸ ಬೋರಿಗೆ ಅನುಮತಿ ಬೇಕು, ಹಳೆಯದಕ್ಕೆ ನೋಂದಣಿ ಬೇಕು, ರಿಗ್ ಯಂತ್ರಕ್ಕೂ ನೋಂದಣಿ ಬೇಕು. ಆದರೆ ಒಂದು ಮಾತು ನೆನಪಿಡಿ. ಒಂದು ತಾಲ್ಲೂಕು ಅಧಿಸೂಚಿತವಾಗುವುದು ಅಲ್ಲಿನ ನೀರು ಹಾಳಾದ ಮೇಲೆ. ಆ ಪಟ್ಟಿಗೆ ಸೇರುವವರೆಗೆ ಕಾಯುವುದು ಜಾಣತನವಲ್ಲ. ಸೇರದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಹೇಗೆ ಎಂದರೆ, ಅಳತೆಯಿಂದ ಶುರುಮಾಡಿ. ನಮ್ಮ ಕೋಟೆಯ ಅರಮನೆಗೆ ಯಾರ ಹೆಸರಿದೆಯೋ ಆ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕೆಳದಿ ರಾಜ್ಯದ ಜಮೀನನ್ನೆಲ್ಲ ಅಳೆಸಿ, ಫಲವತ್ತತೆ ನೋಡಿ ದರ್ಜೆ ಮಾಡಿಸಿದ ಮೇಲೆಯೇ ಕಂದಾಯ ಗೊತ್ತುಮಾಡಿದ. ಅಳೆಯದೆ ಆಳಲಿಲ್ಲ. ನೀವೂ ಊರಿನ ಒಂದೆರಡು ತೆರೆದ ಬಾವಿಗಳಲ್ಲಿ ಪ್ರತಿ ತಿಂಗಳು ಹಗ್ಗ ಇಳಿಸಿ ನೀರಿನ ಮಟ್ಟ ನೋಡಿ, ಗೋಡೆಯ ಮೇಲೆ ಬರೆಯಿರಿ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಡಿ. ಅಂತರ್ಜಲ ನಿರ್ದೇಶನಾಲಯ ತನ್ನ ವೀಕ್ಷಣಾ ಬಾವಿಗಳನ್ನು ಅಳೆಯುತ್ತದೆ. ಆ ಅಂಕಿಗಳನ್ನು ಕೇಳಿ ಪಡೆದು ಗ್ರಾಮಸಭೆಯಲ್ಲಿ ಓದಿ. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಬರದ ಹಳ್ಳಿ ಉಳಿದದ್ದು ಹೀಗೆಯೇ. ಅಲ್ಲಿನವರು ಆ ವರ್ಷದ ಮಳೆಯ ಲೆಕ್ಕ ನೋಡಿ ಬೆಳೆ ಯಾವುದೆಂದು ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಬೇಸಾಯಕ್ಕೆ ಬೋರು ಬೇಡವೆಂದು ತಾವೇ ಕಟ್ಟು ಹಾಕಿಕೊಂಡಿದ್ದಾರೆ. ಅಂಥ ಕಟ್ಟು ಹಾಕಿಕೊಳ್ಳಲು ನಮ್ಮವರಿಗೂ ಶಕ್ತಿಯಿದೆ.

ಎತ್ತಿದ್ದಕ್ಕೆ ತಕ್ಕಂತೆ ಇಂಗಿಸಿ. 100 ಚದರ ಮೀಟರ್ ಮಾಡಿನ ಮೇಲೆ 800 ಮಿಲಿಮೀಟರ್ ಮಳೆ ಬಿದ್ದರೆ 80,000 ಲೀಟರ್ ನೀರು. ಐದನೇ ಒಂದು ಪಾಲು ಹರಿದುಹೋದರೂ 64,000 ಲೀಟರ್ ಉಳಿಯುತ್ತದೆ. ಅದನ್ನು ಸೋಸಿ ಹಳೆಯ ಬಾವಿಗೆ ಅಥವಾ ಇಂಗುಗುಂಡಿಗೆ ಬಿಡಿ. ಬಚ್ಚಲ ನೀರು, ಚರಂಡಿ ನೀರು, ತೋಟದ ಔಷಧಿ ಸೇರಿದ ನೀರನ್ನು ಎಂದಿಗೂ ಬೋರಿಗೆ ಬಿಡಬೇಡಿ; ಕೆಟ್ಟ ಅಂತರ್ಜಲವನ್ನು ಶುದ್ಧಮಾಡುವುದು ಬಹಳ ಕಷ್ಟ. ಊರ ಕೆರೆಗಳ ಹೂಳು, ಒತ್ತುವರಿ, ಮುಚ್ಚಿದ ಕಾಲುವೆ, ಇವುಗಳ ಬಗ್ಗೆ ಬಾಯಿ ಬಿಡಿ. ಕೆರೆ ತುಂಬಿದರೆ ಅದರ ಕೆಳಗಿನ ಬಾವಿಗಳು ತಾವಾಗಿಯೇ ತುಂಬುತ್ತವೆ. ತೋಟಕ್ಕೆ ಹನಿ ನೀರಾವರಿ ಹಾಕಿಸಿ. ಉಳಿದ ನೀರಿನಲ್ಲಿ ಇನ್ನೊಂದು ಎಕರೆ ತೋಟ ಹೆಚ್ಚಿಸಿದರೆ ಮಾತ್ರ ಆ ಉಳಿತಾಯ ಸುಳ್ಳಾಗುತ್ತದೆ.

ಫೇಲಾದ ಬೋರನ್ನು ಅಂದೇ ಮುಚ್ಚಿಸಿ. ತೆರೆದ ಕೊಳವೆಗೆ ಬಿದ್ದು ಎಳೆಯ ಮಕ್ಕಳು ಸತ್ತ ನೋವು ಈ ರಾಜ್ಯಕ್ಕೆ ಹೊಸದಲ್ಲ. ಕೈಬಿಟ್ಟ ಬೋರನ್ನು ಮಣ್ಣು, ಕಲ್ಲು ತುಂಬಿ ನೆಲದ ಮಟ್ಟಕ್ಕೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇದಕ್ಕೆ ಅಧಿಕಾರಿ ಬಂದು ನಿಲ್ಲಬೇಕಾಗಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದು. ಆ ಲೆಕ್ಕದಲ್ಲಿ ನಮ್ಮ ನಿಮ್ಮ ಬೋರೂ ಸೇರಿದೆ. ಮುಂದಿನ ಬೇಸಿಗೆಗೆ ಮೊದಲು ನಿಮ್ಮ ಬಡಾವಣೆಯ, ನಿಮ್ಮ ಹಳ್ಳಿಯ ಬಾವಿಗಳ ಪಟ್ಟಿ ಮಾಡಿ, ಮಟ್ಟ ಅಳೆದು, ಪಂಚಾಯಿತಿಯ ಮುಂದೆ ಇಡಿ. ಕಾನೂನು ಜಾರಿ ಮಾಡಿ ಎಂದು ಕೇಳಿ, ನೀವು ಮೊದಲು ಪಾಲಿಸಿ. ನೀರನ್ನು ಹಂಚಿಕೊಂಡು ಬಾಳುವ ಊರು ಮಾತ್ರ ಉಳಿಯುತ್ತದೆ. ನಿಮ್ಮ ಊರು ಉಳಿಯಲಿ.