ಗ್ರೀಷ್ಮದ ಪಾನೀಯ ಮತ್ತು ಶ್ರಾವಕನ ಮರ್ಯಾದೆ

ಚೈತ್ರ ಕಳೆದು ವೈಶಾಖ ಕಾಲಿರಿಸಿತೆಂದರೆ ಸವಣೂರು ಸೀಮೆಯ ಕರಿಮಣ್ಣಿನ ಹೊಲಗಳು ಬಾಯಿಬಿಡುತ್ತವೆ. ಮನುಷ್ಯನ ಗಂಟಲೂ ಒಣಗುತ್ತದೆ. ಬಾಯಾರಿಕೆ ಶರೀರಧರ್ಮ. ಅದನ್ನು ಯಾವುದರಿಂದ, ಯಾವಾಗ, ಎಷ್ಟರಿಂದ ತಣಿಸಬೇಕೆಂಬುದು ಮಾತ್ರ ವಿವೇಕಕ್ಕೆ ಸೇರಿದ್ದು.

ಕಳೆದ ಬೇಸಗೆಯಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆವು. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿದು ಅಡಿಗೆಯ ಮನೆಯ ಕದ ಮುಚ್ಚಿತು. ದೀಪ ಹಚ್ಚಿದ ಬಳಿಕ ಮಕ್ಕಳ ಕೈಗೆ ನೊರೆಯುಕ್ಕುವ ತಂಪುಪಾನೀಯದ ಬಾಟಲಿಗಳು ಬಂದವು. “ಇದೇನು ಊಟವಲ್ಲ ಬಿಡ್ರಿ, ಬರೀ ನೀರು” ಎಂದರು ಹಿರಿಯರೊಬ್ಬರು. ನಾನೂ ಸುಮ್ಮನಿದ್ದೆ. ರಾತ್ರಿಭೋಜನ ತ್ಯಾಗದ ನಿಯಮ ಹಿಡಿದಿದ್ದ ಮೊಮ್ಮಗಳು ಮರುದಿನ ಬೆಳಿಗ್ಗೆ, “ಅಜ್ಜಾ, ನಿನ್ನೆ ನನ್ನ ನಿಯಮ ಮುರೀತೇನು?” ಎಂದು ಕೇಳಿದಳು. ಆ ಪ್ರಶ್ನೆಯ ಉತ್ತರವೇ ಈ ಪಾಠ.

ಪೇಯವೂ ಆಹಾರವೇ

ನಮ್ಮ ಆಚಾರ್ಯರು ಆಹಾರವನ್ನು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಉಪವಾಸವೆಂದರೆ ಈ ನಾಲ್ಕರ ತ್ಯಾಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಕ್ರಮವನ್ನು ಹೇಳುವಾಗ ಮೊದಲು ಅನ್ನವನ್ನೂ, ಬಳಿಕ ಹಾಲು ಮೊದಲಾದ ಸ್ನಿಗ್ಧಪಾನವನ್ನೂ, ಅನಂತರ ಗಂಜಿ, ಬಿಸಿನೀರಿನಂಥ ಖರಪಾನವನ್ನೂ ಒಂದೊಂದಾಗಿ ಬಿಡಬೇಕೆಂದು ವಿಧಿಸಿದ್ದಾರೆ. ಸವಣೂರಿಗೆ ಸಮೀಪದ ಬಂಕಾಪುರದಲ್ಲಿ ಕ್ರಿ.ಶ. 974ರ ಸುಮಾರಿಗೆ ಗಂಗರ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನೆಯನ್ನು ಕೈಗೊಂಡನು. ಕುಡಿಯುವುದನ್ನು ಬಿಡುವುದೂ ತಪಸ್ಸೆಂದು ಕಂಡ ನೆಲವಿದು. ಇಲ್ಲಿಯೇ ನಾವು “ಬರೀ ನೀರು” ಎನ್ನುವುದು ಸಲ್ಲದು.

ಬಾಟಲಿಯಲ್ಲಿರುವುದೇನು?

ಪೇಟೆಯ ಸಿಹಿ ತಂಪುಪಾನೀಯದ 100 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 10 ಗ್ರಾಂಗೂ ಮಿಕ್ಕಿ ಸಕ್ಕರೆ ಇರುತ್ತದೆ. 300 ಮಿಲಿಲೀಟರಿನ ಬಾಟಲಿಯೊಂದನ್ನು ಕುಡಿದರೆ ಏಳೆಂಟು ಚಮಚ ಸಕ್ಕರೆ ಹೊಟ್ಟೆ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ ವಯಸ್ಕನಿಗೆ ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿರುವುದು ಲೇಸು. ಕೋಲಾ ಜಾತಿಯವುಗಳಲ್ಲಿ ಹಲ್ಲಿನ ಹೊರಪದರವನ್ನು ಸವೆಸುವ ಫಾಸ್ಫಾರಿಕ್ ಆಮ್ಲವೂ ಕೆಫೀನೂ ಇರುತ್ತವೆ. ಉಪವಾಸದ ಮರುದಿನ ಬರಿಹೊಟ್ಟೆಯಲ್ಲಿ ಇದರಿಂದ ಪಾರಣೆ ಮಾಡುವುದು ಜಠರಕ್ಕೆ ಹಿತವಲ್ಲ. ಇನ್ನು, ಕೊಚಿನೀಲ್ ಎಂಬ ಕೀಟದಿಂದ ತೆಗೆದ ಕೆಂಪು ಬಣ್ಣವೊಂದಿದೆ. ಅದರ ಸಂಖ್ಯೆ 120. ಎಲ್ಲ ಬಾಟಲಿಗಳಲ್ಲಿಯೂ ಅದಿದೆ ಎಂದಲ್ಲ. ಆದರೆ ಚೀಟಿಯನ್ನು ಓದದೆ ಕುಡಿಯುವವನಿಗೆ ಇದೆಯೋ ಇಲ್ಲವೋ ತಿಳಿಯದು.

ಇಲ್ಲಿ ಮರ್ಯಾದೆಯ ಮಾತೂ ಇದೆ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಗಾಳಿಸಿದ ನೀರಿಗೆ ನಮ್ಮಲ್ಲಿ ಎರಡು ಗಳಿಗೆ, ಎಂದರೆ 48 ನಿಮಿಷಗಳ ಮರ್ಯಾದೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಪಾನೀಯವನ್ನು ಈ ತಕ್ಕಡಿಯಲ್ಲಿಟ್ಟು ವಾಚಕರೇ ತೂಗಿ ನೋಡಲಿ.

ಮೊದಲ ದಾನ

ಭಗವಾನ್ ಋಷಭದೇವರು ಆರು ತಿಂಗಳ ಉಪವಾಸದ ಬಳಿಕವೂ, ಆಹಾರದಾನದ ವಿಧಿಯನ್ನರಿಯದ ಜನರ ನಡುವೆ ಆಹಾರ ದೊರೆಯದೆ ಸಂಚರಿಸಿದರು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ನೀಡಿದ ಇಕ್ಷುರಸದಿಂದ ಪಾರಣೆಯಾಯಿತು. ಆ ದಿನವೇ ವೈಶಾಖದ ಅಕ್ಷಯ ತೃತೀಯೆ. ಈ ಯುಗದ ಮೊದಲ ಆಹಾರದಾನ ಬೇಸಗೆಯ ಒಂದು ಪಾನೀಯವೆಂಬುದನ್ನು ನೆನೆದರೆ ಮನಸ್ಸು ತಂಪಾಗುತ್ತದೆ. ಸಿಹಿ ನಿಷಿದ್ಧವಲ್ಲ, ಶುದ್ಧಿ, ಮಿತಿ, ಕಾಲ ಇವು ಮುಖ್ಯ. ಬೀದಿಯ ಗಾಣದಲ್ಲಿ ನೊಣ ಮುತ್ತಿದ, ಮಂಜುಗಡ್ಡೆ ಬೆರೆತ ಕಬ್ಬಿನಹಾಲು ಶ್ರೇಯಾಂಸನ ಇಕ್ಷುರಸವಾಗದು.

ಮನೆಯ ಪಾನೀಯಗಳು

ಬೆಲ್ಲದ ಪಾನಕ: ಕುದಿಸಿ ಆರಿಸಿದ 1 ಲೀಟರ್ ನೀರಿಗೆ 60 ಗ್ರಾಂ ಬೆಲ್ಲ ಕರಗಿಸಿ, ಇರುವೆ-ಕಸ ಉಳಿಯದಂತೆ ಸೋಸಿ, ಏಲಕ್ಕಿ, ಮೆಣಸು, ಒಣಶುಂಠಿಯ ಪುಡಿ, ನಿಂಬೆರಸ ಬೆರೆಸಬೇಕು. ಹಸಿಶುಂಠಿ ಕಂದವಾದ್ದರಿಂದ ಬೇಡ. ಜೇನು ಸರ್ವಥಾ ಬೇಡ. ಬೆಲ್ಲವೂ ಸಕ್ಕರೆಯ ಜಾತಿಯದೇ. ಮಧುಮೇಹಿಗಳು ಇದನ್ನು ಬಿಟ್ಟು ಜೀರಿಗೆ ಕುದಿಸಿದ ನೀರನ್ನು ಕುಡಿಯಲಿ.

ಮಜ್ಜಿಗೆ: ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ 24 ಗಂಟೆ ಮೀರದ ಮೊಸರನ್ನು ಕಡೆದು, ನೀರು, ಉಪ್ಪು, ಹುರಿದ ಜೀರಿಗೆಯ ಪುಡಿ, ಕರಿಬೇವು ಸೇರಿಸಬೇಕು. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುವುದರಿಂದ ಹೊಲದಿಂದ ಬಂದವರಿಗೆ ಇದು ಉತ್ತಮ. ರಕ್ತದೊತ್ತಡವಿರುವವರು ಉಪ್ಪನ್ನು ಕಡಿಮೆ ಮಾಡಲಿ. ಒಗ್ಗರಣೆಗೆ ಉದ್ದಿನಬೇಳೆ ಹಾಕಿದರೆ ದ್ವಿದಳ ದೋಷ, ಸಾಸಿವೆ-ಜೀರಿಗೆ ಸಾಕು. ಬೆಲ್ಲ ಬೆರೆತ ಮಜ್ಜಿಗೆಯೂ ಅಭಕ್ಷ್ಯ.

ಜೋಳದ ಅಂಬಲಿ: ಬೇಸಗೆಯಲ್ಲಿ ಹಿಟ್ಟಿನ ಮರ್ಯಾದೆ 5 ದಿನ. ಅಂಥ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಬೇಕು. ಜೋಳ ದ್ವಿದಳವಲ್ಲವಾದ್ದರಿಂದ ಬಾಧಕವಿಲ್ಲ. ರಾತ್ರಿಯಿಡೀ ಹುಳಿಯಿಟ್ಟು ಕುಡಿಯುವ ಪದ್ಧತಿ ಹಲವೆಡೆ ಉಂಟು. ಅದು ನಮಗೆ ಸಲ್ಲದು. ಅಂದು ಮಾಡಿದ್ದು ಅಂದೇ ಮುಗಿಯಬೇಕು.

ಮಾವಿನ ಮತ್ತು ಹುಣಸೆಯ ಪಾನಕ: ಬಲಿತ ಮಾವಿನಕಾಯಿಯೊಂದನ್ನು ಬೇಯಿಸಿ, ತಿರುಳನ್ನು ಹಿಸುಕಿ, ನಾಲ್ಕು ಲೋಟ ನೀರು, ತುಸು ಬೆಲ್ಲ, ಉಪ್ಪು, ಜೀರಿಗೆ ಕೂಡಿಸುವುದು. ಹುಳಿಯೆಂದೊಡನೆ ಸವಣೂರಿಗರಿಗೆ ದೊಡ್ಡಹುಣಸೆ ಕಲ್ಮಠದ ಬೃಹದ್ವೃಕ್ಷಗಳು ನೆನಪಾಗುತ್ತವೆ. ಆಫ್ರಿಕಾ ಮೂಲದ ಆ ಮರದ ಕಾಯಿಯ ಒಣತಿರುಳನ್ನು ಸೆನೆಗಲ್, ಸುಡಾನ್ ದೇಶಗಳಲ್ಲಿ ನೀರಿನಲ್ಲಿ ಕದಡಿ ಬೇಸಗೆಯ ಪಾನೀಯ ಮಾಡುತ್ತಾರೆ. ನಮಗೆ ಹಿತ್ತಲಿನ ಹುಣಸೆ ಸಾಕು: ಬೀಜ ತೆಗೆದು, ಹುಳು ನೋಡಿ ನೆನೆಸಿ, ಸೋಸಿದ ರಸಕ್ಕೆ ಬೆಲ್ಲ, ಜೀರಿಗೆ.

ತಂಪಿಗಾಗಿ ಮಂಜುಗಡ್ಡೆ ಬೇಡ. ಮಣ್ಣಿನ ಹರವಿಯ ಮೈಯಿಂದ ನೀರು ಆವಿಯಾಗುತ್ತಾ ಒಳಗಿನದನ್ನು ತಣಿಸುತ್ತದೆ. ಹರವಿಯನ್ನು ದಿನವೂ ಬರಿದುಮಾಡಿ, ತೊಳೆದು, ಒಣಗಿಸಿ ಬಳಸಬೇಕು. ಒಂದರ ಬದಲು ಎರಡು ಹರವಿಗಳಿದ್ದರೆ ಅನುಕೂಲ.

ನಿಯಮ

ಇದು ಭೋಗೋಪಭೋಗ ಪರಿಮಾಣ ವ್ರತಕ್ಕೆ ಸೇರಿದ ವಿಷಯ. ಅಕ್ಷಯ ತೃತೀಯೆಯಿಂದ ಚಾತುರ್ಮಾಸದ ಆರಂಭದವರೆಗೆ ಪೇಟೆಯ ತಂಪುಪಾನೀಯವನ್ನು ಮನೆಮಂದಿಯೆಲ್ಲ ಬಿಡಬಹುದು. ಮದುವೆ-ಮುಂಜಿಗಳಲ್ಲಿ ಹಗಲಿನಲ್ಲಿಯೇ ಪಾನಕ-ಮಜ್ಜಿಗೆಗಳನ್ನು ಕೊಡುವ ಏರ್ಪಾಡಾಗಲಿ. ಮಕ್ಕಳಿಗೆ ಬರೀ ಬೇಡವೆಂದರೆ ಸಾಲದು. ಕೈಯಲ್ಲಿ ಬೇರೊಂದು ಲೋಟವಿರಬೇಕು.

ಮೊಮ್ಮಗಳಿಗೆ ನಾನು ಹೇಳಿದ್ದಿಷ್ಟು: “ನಿಯಮಕ್ಕೆ ದೋಷ ಬಂದದ್ದು ಖರೆ ಮಗಾ. ಆದರೆ ನೀ ಅರಿಯದೆ ಕುಡಿದಿ; ಅರಿತೂ ಸುಮ್ಮನಿದ್ದವ ನಾನು.” ಅಂದು ಸಂಜೆ ಇಬ್ಬರೂ ಬಸದಿಗೆ ಹೋಗಿ ಪ್ರತಿಕ್ರಮಣ ಮಾಡಿದೆವು. ಮರುದಿನ ಪಾನಕವನ್ನು ಅವಳೇ ಕದಡಿದಳು.

ಅಭ್ಯಾಸ

1. ಆಹಾರದ ನಾಲ್ಕು ಭೇದಗಳಾವುವು? ತಂಪುಪಾನೀಯ ಯಾವುದಕ್ಕೆ ಸೇರಿದೆ?
2. ಗಾಳಿಸಿದ ನೀರಿಗೂ ಕುದಿಸಿದ ನೀರಿಗೂ ಇರುವ ಮರ್ಯಾದೆ ಎಷ್ಟು?
3. ಅಂಬಲಿಗೆ ಮಜ್ಜಿಗೆ ಸಲ್ಲುವುದೇಕೆ? ಒಗ್ಗರಣೆಯ ಉದ್ದಿನಬೇಳೆ ಸಲ್ಲದೇಕೆ?