ಹಿಮೋಫಿಲಿಯಾ: ಮನಸ್ಸಿನ ಭಾರ ಇಳಿಸುವ ಹತ್ತು ಸೂತ್ರಗಳು

ಹಿಮೋಫಿಲಿಯಾ, ಅಂದರೆ ಕುಸುಮ ರೋಗ ಇರುವವರ ಮನೆಯಲ್ಲಿ ಲೆಕ್ಕವೆಲ್ಲ ದೇಹದ್ದೇ. ಯಾವ ಕೀಲು ಊದಿದೆ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಷ್ಟು ಯೂನಿಟ್ ಹೋಯಿತು, ಮುಂದಿನ ಡೋಸ್ ಯಾವಾಗ ಎಂಬುದೆಲ್ಲ ಫೈಲಿನಲ್ಲಿರುತ್ತದೆ. ಅಂಜಿಕೆ, ನಾಚಿಕೆ, ಸಿಟ್ಟು, ತಪ್ಪು ಮಾಡಿದೆನೆಂಬ ಕೊರಗು ಮಾತ್ರ ಯಾವ ಫೈಲಿಗೂ ಸೇರುವುದಿಲ್ಲ. ಕೀಲಿನಲ್ಲಿ ಜುಮ್ಮೆಂದ ಕೂಡಲೇ ಫ್ಯಾಕ್ಟರ್ ಹಾಕಿಸಬೇಕು, ಊತ ಬರುವವರೆಗೆ ಕಾಯಬಾರದು ಎಂಬುದು ಈ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮನಸ್ಸಿನ ನೋವಿಗೂ ಅದೇ ನಿಯಮ ಅನ್ವಯಿಸಿ: ಬೇಗ ಗುರುತಿಸಿ, ಬೇಗ ಹೇಳಿ, ಬೇಗ ನೆರವು ಪಡೆಯಿರಿ.

1. ಮೊದಲ ಮಾತು ಬೈಗುಳ ಆಗದಿರಲಿ

ಏಳನೇ ತರಗತಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ನಾಳೆ ಅಕ್ಕನ ನಿಶ್ಚಿತಾರ್ಥ. ಮಧ್ಯಾಹ್ನದಿಂದಲೇ ಅವನ ಮೊಣಕಾಲು ಬಿಸಿಯಾಗಿ ಬಿಗಿಯುತ್ತಿದೆ. ಹೇಳಿದರೆ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ, ಅಮ್ಮ ಅಳುತ್ತಾಳೆ, "ಓಡಬೇಡ ಅಂತ ಎಷ್ಟು ಸಲ ಹೇಳೋದು?" ಎಂದು ಎಲ್ಲರೂ ಮುಗಿಬೀಳುತ್ತಾರೆ. ಹಾಗಾಗಿ ಉದ್ದ ಪ್ಯಾಂಟ್ ಹಾಕಿಕೊಳ್ಳುತ್ತಾನೆ, ಕುಂಟುವುದು ಕಾಣದಂತೆ ಗೋಡೆ ಹಿಡಿದು ಓಡಾಡುತ್ತಾನೆ. ಬೆಳಗಾಗುವಷ್ಟರಲ್ಲಿ ಕಾಲು ಮಡಚಲು ಬರುವುದಿಲ್ಲ. ಈ ಮುಚ್ಚುಮರೆ ಕೀಲನ್ನೂ ಕೆಡಿಸುತ್ತದೆ, ಮನಸ್ಸನ್ನೂ ಕೆಡಿಸುತ್ತದೆ. ಮಗು ನೋವು ಹೇಳಿಕೊಂಡಾಗ "ಬೇಗ ಹೇಳಿದ್ದು ಒಳ್ಳೇದಾಯ್ತು ಕಂದಾ, ಬಾ ಹೋಗೋಣ" ಅನ್ನಿ. ಹೇಗಾಯಿತು ಎಂಬ ವಿಚಾರಣೆ ಫ್ಯಾಕ್ಟರ್ ಹಾಕಿಸಿದ ಮೇಲಿರಲಿ. ತೀವ್ರ ಹಿಮೋಫಿಲಿಯಾದಲ್ಲಿ ಬೀಳದೆ, ಪೆಟ್ಟಾಗದೆಯೂ ರಕ್ತಸ್ರಾವವಾಗುತ್ತದೆ ಎಂಬುದನ್ನು ಮರೆಯಬೇಡಿ.

2. ತಾಯಿಯ ತಲೆಗೆ ತಪ್ಪು ಕಟ್ಟಬೇಡಿ

"ನಿನ್ನ ತವರಿನಿಂದ ಬಂದ ಕಾಯಿಲೆ" ಎಂಬ ಮಾತು ಎಷ್ಟೋ ತಾಯಂದಿರನ್ನು ವರ್ಷಗಟ್ಟಲೆ ಸುಡುತ್ತದೆ. ಈ ಕಾಯಿಲೆಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ವಾಹಕಿ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಅದನ್ನು ಆರಿಸುವುದು ಯಾರ ಕೈಯಲ್ಲೂ ಇಲ್ಲ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಂತೂ ವಂಶದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ, ಜೀನ್ ಹೊಸದಾಗಿ ಬದಲಾಗಿರುತ್ತದೆ. ಈ ಮಾತನ್ನು ಅತ್ತೆ ಮಾವನ ಮುಂದೆ ಗಂಡನೇ ಬಾಯಿಬಿಟ್ಟು ಹೇಳಲಿ. ಆಸ್ಪತ್ರೆಯ ಓಡಾಟದಲ್ಲೂ ಪಾಲು ತೆಗೆದುಕೊಳ್ಳಲಿ.

3. ಯಾವುದಕ್ಕೆ ಹೆದರಬೇಕೆಂದು ತಿಳಿದುಕೊಳ್ಳಿ

ಹಿಮೋಫಿಲಿಯಾ ಇದ್ದವರ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಚಿಕ್ಕ ತರಚು ಗಾಯ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ತಲೆಗೆ ಪೆಟ್ಟು, ಕುತ್ತಿಗೆ ಗಂಟಲಿನ ಊತ, ಹೊಟ್ಟೆಯೊಳಗಿನ ರಕ್ತಸ್ರಾವ ಆದರೆ ಒಂದು ನಿಮಿಷವೂ ತಡಮಾಡಬಾರದು. ನಿಮ್ಮದು ಫ್ಯಾಕ್ಟರ್ 8ರ ಕೊರತೆಯೋ (ಎ), 9ರದ್ದೋ (ಬಿ) ತಿಳಿದಿರಲಿ. ಮಟ್ಟ ಶೇ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಮಧ್ಯಮ, ಅದಕ್ಕಿಂತ ಮೇಲೆ 40ರವರೆಗೆ ಸೌಮ್ಯ. ಇದಿಷ್ಟು ಗೊತ್ತಿದ್ದರೆ ದಿನವಿಡೀ ಎಲ್ಲದಕ್ಕೂ ಬೆಚ್ಚಿಬೀಳುವುದು ತಪ್ಪುತ್ತದೆ.

4. ತುರ್ತಿನ ಚೀಲ ಸಿದ್ಧವಿರಲಿ

ನಡುರಾತ್ರಿಯ ಗಾಬರಿಗೆ ಹಗಲಿನ ಸಿದ್ಧತೆಯೇ ಮದ್ದು. ಚೀಲದಲ್ಲಿ ಒಂದು ಚೀಟಿ ಇರಲಿ: ಕಾಯಿಲೆಯ ವಿಧ, ಫ್ಯಾಕ್ಟರ್ ಮಟ್ಟ, ಇನ್ಹಿಬಿಟರ್ (ಫ್ಯಾಕ್ಟರನ್ನು ಕೆಲಸ ಮಾಡಗೊಡದ ಪ್ರತಿಕಾಯ) ಇದೆಯೋ ಇಲ್ಲವೋ, ದೇಹದ ತೂಕ, ವೈದ್ಯರ ನಂಬರ್. ಕೆಳಗೆ ಕೆಂಪು ಶಾಯಿಯಲ್ಲಿ: "ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಸ್ನಾಯುವಿಗೆ ಇಂಜೆಕ್ಷನ್ ಬೇಡ." ಫ್ಯಾಕ್ಟರ್ ಉಚಿತವಾಗಿ ಸಿಗುವ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದೆಯೇ ಎಂದು ಆಗಾಗ ಫೋನ್ ಮಾಡಿ ಕೇಳಿ.

5. ಶಾಲೆಗೆ ನೀವೇ ಹೇಳಿ

ಯಾರಿಗೂ ಹೇಳದಿದ್ದರೆ ಮಗು ಪ್ರತಿಸಲವೂ "ಜಾರಿ ಬಿದ್ದೆ" ಎಂದು ಸುಳ್ಳು ಕಟ್ಟಬೇಕಾಗುತ್ತದೆ. ತರಗತಿಯ ಟೀಚರಿಗೆ, ಪಿಟಿ ಮಾಸ್ತರಿಗೆ ಒಂದು ಪುಟದ ಪತ್ರ ಕೊಡಿ: ಇದು ಅಂಟುವ ಕಾಯಿಲೆಯಲ್ಲ, ಪೆಟ್ಟಾದರೆ ಐಸ್ ಇಟ್ಟು ನಮಗೆ ಫೋನ್ ಮಾಡಿ, ಮಿಕ್ಕಂತೆ ಎಲ್ಲರಂತೆ ನೋಡಿಕೊಳ್ಳಿ. ಕಬಡ್ಡಿ, ಕುಸ್ತಿ ಬೇಡ. ಈಜು, ನಡಿಗೆ, ವೈದ್ಯರು ಒಪ್ಪಿದರೆ ಸೈಕಲ್ ಇರಲಿ. ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ, ಗೆಳೆಯರ ಜೊತೆ ಬೆರೆತಷ್ಟೂ ಮನಸ್ಸಿಗೆ ಆಸರೆ.

6. ತಡೆ ಚಿಕಿತ್ಸೆಯ ಬಗ್ಗೆ ಕೇಳಿ

ರಕ್ತಸ್ರಾವ ಆದ ಮೇಲೆ ಓಡುವುದಕ್ಕಿಂತ ಆಗದಂತೆ ತಡೆಯುವ ಚಿಕಿತ್ಸೆ ಮನಸ್ಸಿಗೂ ದೊಡ್ಡ ನೆಮ್ಮದಿ. ಫ್ಯಾಕ್ಟರ್ 8 ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಅದಕ್ಕಾಗಿ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ನರಕ್ಕೆ ಚುಚ್ಚಿಸಿಕೊಳ್ಳಬೇಕು. ಹಿಮೋಫಿಲಿಯಾ ಎ ಇರುವವರಿಗೆ ಈಗ ಎಮಿಸಿಜುಮ್ಯಾಬ್ ಎಂಬ ಔಷಧವಿದೆ. ಅದನ್ನು ಚರ್ಮದಡಿ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ನೀಡಿದ ಜೀನ್ ಚಿಕಿತ್ಸೆಯ ಫಲಿತಾಂಶವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಭರವಸೆಗೆ ಕಾರಣಗಳಿವೆ. ನಿಮ್ಮ ಮಗುವಿಗೆ ಯಾವುದು ಸರಿ ಎಂದು ವೈದ್ಯರನ್ನೇ ನೇರವಾಗಿ ಕೇಳಿ.

7. ಹೆಣ್ಣುಮಕ್ಕಳ ನೋವನ್ನೂ ಕೇಳಿ

ಹುಡುಗನ ಗಲಾಟೆಯಲ್ಲಿ ಅವನ ಅಕ್ಕ ತಂಗಿಯರು ಮರೆತೇ ಹೋಗುತ್ತಾರೆ. ವಾಹಕಿಯರಲ್ಲೂ ಕೆಲವರಿಗೆ ಫ್ಯಾಕ್ಟರ್ ಮಟ್ಟ ಕಡಿಮೆ ಇರುತ್ತದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಇನ್ನೊಂದು ಕಾಯಿಲೆ ವಾನ್ ವಿಲೆಬ್ರಾಂಡ್ ಅಂತೂ ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಮುಟ್ಟಿನ ಸ್ರಾವ ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ಬದಲಿಸುವಂತಾದರೆ "ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ" ಎಂದು ಸುಮ್ಮನಾಗದೆ ಪರೀಕ್ಷೆ ಮಾಡಿಸಿ. ಮದುವೆಯ ಮಾತು ಬಂದಾಗ ವಿಷಯ ಮುಚ್ಚಿಡುವ ಭಾರವನ್ನು ಆ ಹುಡುಗಿಯೊಬ್ಬಳ ಮೇಲೆ ಹಾಕಬೇಡಿ.

8. ಹಕ್ಕು ಕೇಳಲು ಸಂಕೋಚ ಬೇಡ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾವೂ ಒಂದು. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಮೀಸಲಾತಿಯ ವ್ಯಾಪ್ತಿಗೆ ಬರುತ್ತೀರಿ. ಮಗನ ಓದಿನ ದಾರಿ ಕಂಡರೆ ಅಪ್ಪನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯುತ್ತದೆ.

9. ನಿಮ್ಮಂಥವರ ಬಳಗ ಸೇರಿ

ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರಿಗೇ ಹಿಮೋಫಿಲಿಯಾ ಇದೆ. ಇದೇ ಕಾಯಿಲೆಯೊಂದಿಗೆ ಓದಿ ವೈದ್ಯರಾದವರನ್ನು ಎದುರಿಗೆ ಕಂಡ ಹುಡುಗನಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಹಿಮೋಫಿಲಿಯಾ ಫೆಡರೇಷನ್ ಇಂಡಿಯಾ 1983ರಿಂದ ಕೆಲಸ ಮಾಡುತ್ತಿದೆ, ಅದರ ಶಾಖೆಗಳು ದೇಶದುದ್ದಕ್ಕೂ ಇವೆ. ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ ದಿನದ ಕಾರ್ಯಕ್ರಮಕ್ಕೆ ಮನೆಮಂದಿಯೆಲ್ಲ ಹೋಗಿ. ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿನಿಂದ ಸಿಗುವ ಧೈರ್ಯ ಬೇರೆಲ್ಲೂ ಸಿಗದು.

10. ಮನಸ್ಸಿನ ವೈದ್ಯರನ್ನು ಕಾಣಲು ಹಿಂಜರಿಯಬೇಡಿ

ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ಫ್ಯಾಕ್ಟರ್ ಹಾಕಿಸಿಕೊಳ್ಳಲೇ ಮನಸ್ಸಿಲ್ಲದಿದ್ದರೆ, "ನಾನು ಎಲ್ಲರಿಗೂ ಭಾರ" ಎಂಬ ಮಾತು ಬಾಯಿಗೆ ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರಿಗೆ ಹಿಮೋಫಿಲಿಯಾ ಇರುವುದನ್ನು ಮೊದಲೇ ತಿಳಿಸಿ. ಖಿನ್ನತೆಯ ಕೆಲವು ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸಬಲ್ಲವು, ಅವರು ಅದನ್ನು ನೋಡಿಕೊಂಡೇ ಬರೆದುಕೊಡುತ್ತಾರೆ. ಮುಂದಿನ ಸಲ ಫ್ಯಾಕ್ಟರಿಗೆ ಹೋದಾಗ ಕೀಲಿನ ವಿಷಯ ಹೇಳಿ ಮುಗಿಸಿದ ಮೇಲೆ ಕುರ್ಚಿಯಿಂದ ಏಳಬೇಡಿ. ಮನಸ್ಸಿನ ವಿಷಯವನ್ನೂ ಅದೇ ವೈದ್ಯರ ಮುಂದೆ ಹೇಳಿ, ಫೈಲಿನಲ್ಲಿ ಬರೆಸಿಯೇ ಬನ್ನಿ.