ಅರ್ಕಾವತಿಯೊಳಗೆ ಕೂತ ‘೯’: ಕನ್ನಡ ಡೇಟಾಕ್ಕೆ ಆರ್ ಪ್ಯಾಕೇಜ್ ಬರೆಯುವವರಿಗೆ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಯಾವ ಊರಿಂದ ಎಷ್ಟು ಕೆಜಿ ಗೂಡು ಬಂತು, ಮಿಶ್ರತಳಿಗೆ ಏನು ದರ, ದ್ವಿತಳಿಗೆ ಏನು ದರ ಎಂದು ಲೆಕ್ಕ ಹಾಕುವ ಪ್ಯಾಕೇಜನ್ನು ಆರ್ ಭಾಷೆಯಲ್ಲಿ ಬರೆಯಲು ಕೂತಿದ್ದೀರಿ ಅಂದುಕೊಳ್ಳಿ. ಸರಾಸರಿ ತೆಗೆಯುವುದು ಸುಲಭ. ಕಾಡುವುದು ಊರ ಹೆಸರು. ಒಂದೇ ಊರು ಪಟ್ಟಿಯಲ್ಲಿ ಮೂರಾಗಿ ಕೂತರೆ ಅಲ್ಲಿನ ರೈತರ ಗೂಡೂ ಮೂರು ಪಾಲಾಗುತ್ತದೆ. ಆದ್ದರಿಂದ ಮೊದಲು ಅಕ್ಷರ, ಆಮೇಲೆ ಅಂಕಿ.

ಕಡತ ತೆರೆದು ನೋಡಿ. ಕನ್ನಡದ ಜಾಗದಲ್ಲಿ ತಲೆಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾಗಿರಬಹುದು. ಹಾಗಿದ್ದರೆ ಎನ್‌ಕೋಡಿಂಗ್ ಹೆಸರು ಬದಲಿಸಿದರೆ ಸರಿಹೋಗುವುದಿಲ್ಲ. ಯುನಿಕೋಡ್ ಪರಿವರ್ತಕಕ್ಕೇ ಹಾಕಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಯಾರೋ ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿಯಾಗಿ ಸೇವ್ ಮಾಡಿರಬಹುದು. ಆ ಅಕ್ಷರಗಳು ಹೋದಂತೆಯೇ. ಮೂಲ ಕಡತ ತರಿಸಿಕೊಂಡು ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯಲ್ಲಿ ಉಳಿಸಿ. ಆಗ ಕಡತದ ತಲೆಗೆ ಕಣ್ಣಿಗೆ ಕಾಣದ ಗುರುತೊಂದು ಅಂಟಿಕೊಳ್ಳುತ್ತದೆ. ಓದುವಾಗ ಕಡತದ ಎನ್‌ಕೋಡಿಂಗನ್ನು (fileEncoding) ‘ಯುಟಿಎಫ್-8-ಬಿಒಎಂ’ ಎಂದು ಕೊಟ್ಟರೆ ಅದು ಕಳಚಿಕೊಳ್ಳುತ್ತದೆ.

ಓದಿದ ಹೆಸರಿನ ಕಾಲಂ ಮುಟ್ಟಬೇಡಿ. ಪಕ್ಕದಲ್ಲಿ ನಕಲು ಮಾಡಿಕೊಂಡು ಅದನ್ನು ತಿದ್ದಿ.

ಮೊದಲ ತಿದ್ದುಪಡಿ, ಯುನಿಕೋಡ್ ರೂಪಗಳನ್ನು ಏಕರೂಪಗೊಳಿಸುವ ಎನ್‌ಎಫ್‌ಸಿ. ‘ಹಾರೋಹಳ್ಳಿ’ಯ ‘ರೋ’ದಲ್ಲಿರುವ ಓಕಾರ ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ಮೂರು ತುಂಡು ಸೇರಿಯೂ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಸ್ಟ್ರಿಂಗಿ ಪ್ಯಾಕೇಜಿನ ಎನ್‌ಎಫ್‌ಸಿ ಫಂಕ್ಷನ್ ಇವನ್ನು ಒಂದಾಗಿಸುತ್ತದೆ.

ಅದು ಮುಟ್ಟದ ದೋಷವೊಂದಿದೆ, ನಮ್ಮ ಕನ್ನಡದ್ದೇ. ಅರ್ಕಾವತ್ತು ಮೂಡಿಸಲು ಗೊತ್ತಾಗದೆ ಎಷ್ಟೋ ಜನ ಕನ್ನಡದ ಒಂಬತ್ತನ್ನು ಒತ್ತಿಬಿಡುತ್ತಾರೆ. ರಾಮನಗರದಲ್ಲಿ ಹರಿಯುವ ಅರ್ಕಾವತಿ ಹೀಗೆ ‘ಅಕಾ೯ವತಿ’ ಆಗುತ್ತಾಳೆ. ನೋಡುವವರಿಗೆ ತಪ್ಪೇ ಕಾಣದು. ನೀವು ಅವಸರದಲ್ಲಿ ಕನ್ನಡ ಅಂಕಿಗಳನ್ನೆಲ್ಲ ಇಂಗ್ಲಿಷ್ ಅಂಕಿ ಮಾಡಿದಿರೋ, ‘ಅಕಾ9ವತಿ’ ಎಂಬ ಹೊಸ ನದಿ ಹುಟ್ಟುತ್ತದೆ. ಹಾಗಾಗಿ ಅಂಕಿ ಬದಲಿಸುವ ಹೆಜ್ಜೆ ಯಾವಾಗಲೂ ಇದಾದ ಮೇಲೆ. ಎರಡು ಅಕ್ಷರಗಳ ನಡುವೆ ‘೯’ ಸಿಕ್ಕರೆ ಅದರ ಹಿಂದಿನ ಅಕ್ಷರವನ್ನು ಒತ್ತು, ಗುಣಿತ ಸಮೇತ ಹಿಡಿದು, ‘೯’ ಅಳಿಸಿ, ಆ ಅಕ್ಷರಕ್ಕೆ ಮೊದಲು ‘ರ್’ ಸೇರಿಸಿ: ‘ಕಾ೯’ ಹೋಗಿ ‘ರ್ಕಾ’. ಪದದ ಕೊನೆಯಲ್ಲಿದ್ದರೆ ಮಾತ್ರ ಯಂತ್ರಕ್ಕೆ ಬಿಡಬೇಡಿ. ‘ಮಾಚ್೯’ ಅಂದರೆ ಮಾರ್ಚ್; ‘ವಾರ್ಡ್೯’ ಅಂದರೆ ಒಂಬತ್ತನೇ ವಾರ್ಡ್. ಅಂಥವನ್ನು ಪಟ್ಟಿ ಮಾಡಿ ನೀವೇ ಓದಿ. ಅನುಸ್ವಾರದ ಬದಲು ಸೊನ್ನೆ ಒತ್ತಿದ ‘ರಾಮನಗರ೦’ ಕೂಡ ಇಂಥದೇ ತಪ್ಪು, ಆದರೆ ಅಲ್ಲಿ ಅಕ್ಷರಕ್ಕೆ ಅಂಟಿದ ಸೊನ್ನೆಯನ್ನು ಅನುಸ್ವಾರ ಮಾಡಿದರೆ ಸಾಕು.

ಇಷ್ಟಾದರೂ ಚನ್ನಪಟ್ಟಣ, ಚೆನ್ನಪಟ್ಟಣ ಎರಡೂ ಉಳಿಯುತ್ತವೆ. ಹಳೆಯ ದಾಖಲೆಗಳಲ್ಲಿ ಕನಕಪುರ ‘ಕಾನಕಾನಹಳ್ಳಿ’, ರಾಮನಗರ ‘ಕ್ಲೋಸ್‌ಪೇಟೆ’. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಇದಕ್ಕೆ ಜಾಣ ಸೂತ್ರ ಹುಡುಕುತ್ತಾ ಕೂರಬೇಡಿ. ಎಲ್ಲ ರೂಪಗಳಿಗೂ ಒಂದೇ ಸಂಕೇತ ಸಂಖ್ಯೆ ಕೊಡುವ ಕೋಷ್ಟಕವನ್ನು ಕೈಯಾರೆ ಬರೆದು ಪ್ಯಾಕೇಜಿನೊಳಗೆ ಇಡಿ. ಮಾಗಡಿಯ ಕಡತವನ್ನು ಮಾಗಡಿಯ ಊರುಗಳು ಗೊತ್ತಿರುವವರಿಗೇ ತೋರಿಸಿ.

ಇನ್ನು ಪ್ಯಾಕೇಜಿನ ಮಾತು. ಡಿಸ್ಕ್ರಿಪ್ಷನ್ ಕಡತದಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಕೋಡಿನೊಳಗೆ ನೇರ ಕನ್ನಡ ಅಕ್ಷರವಿದ್ದರೆ ತಪಾಸಣೆಯಲ್ಲಿ ಎಚ್ಚರಿಕೆ ಬರುತ್ತದೆ. ಅಲ್ಲಿ ಯುನಿಕೋಡ್ ಸಂಖ್ಯೆಯ ರೂಪ ಬಳಸಿ. 2022ರ ಆರ್ 4.2 ಬಂದ ಮೇಲೆ ಹೊಸ ವಿಂಡೋಸ್‌ನಲ್ಲೂ ಯುಟಿಎಫ್-8 ಸಹಜವಾಗಿ ನಡೆಯುತ್ತದೆ. ಕಚೇರಿಗಳಲ್ಲಿ ಅದಕ್ಕಿಂತ ಹಳೆಯದು ಇದ್ದೀತು, ಅಲ್ಲಿಯೂ ಓಡಿಸಿ ನೋಡಿ.

ಅಕ್ಷರ ಎಣಿಸುವಾಗಲೂ ಜೋಪಾನ. ‘ಚನ್ನಪಟ್ಟಣ’ ನಮಗೆ 5 ಅಕ್ಷರ. ಆರ್‌ಗೆ ಅದು 9 ಚಿಹ್ನೆ, ಬೈಟ್ ಲೆಕ್ಕದಲ್ಲಿ 27. ಹೆಸರನ್ನು ಇಷ್ಟೇ ಉದ್ದಕ್ಕೆ ಕತ್ತರಿಸುವ ಸಾಲು ಎಲ್ಲಾದರೂ ಇದ್ದರೆ ಒತ್ತಕ್ಷರ ನಡುವೆ ಸೀಳಿ ‘ಚನ್’ ಎಂದು ನಿಲ್ಲುತ್ತದೆ.

ಕೊನೆಗೆ ಪರೀಕ್ಷಾ ಕಡತ. ಚೆನ್ನಪಟ್ಟಣ, ಅಕಾ೯ವತಿ, ರಾಮನಗರ೦, ತುಂಡು ಓಕಾರದ ಹಾರೋಹಳ್ಳಿ, ವಾರ್ಡ್೯: ಐದನ್ನೂ ಅದರಲ್ಲಿ ಹಾಕಿ. ಮೊದಲ ನಾಲ್ಕು ಸರಿಯಾದ ರೂಪಕ್ಕೆ ಬರಬೇಕು, ಐದನೆಯದು ಹಾಗೆಯೇ ಉಳಿದು ಕೈಯಿಂದ ನೋಡುವ ಪಟ್ಟಿಗೆ ಸೇರಬೇಕು.